ಖಾಲಿ ಎಂದಾಗ ಏನಿಲ್ಲ?

ನಮ್ಮ ಬೀದಿಯ ತಿರುವಿನಲ್ಲಿ ಮೂವತ್ತು-ನಲವತ್ತರ ಒಂದು ನಿವೇಶನವಿದೆ. ಅದರಲ್ಲಿ ಆಳೆತ್ತರಕ್ಕೆ ಪಾರ್ಥೇನಿಯಂ ಬೆಳೆದಿದೆ; ಯಾರದೋ ಮನೆಯ ಬಚ್ಚಲು ಒಡೆದಾಗ ತಂದು ಸುರಿದ ಟೈಲ್ಸ್ ಚೂರುಗಳ ಗುಡ್ಡೆಯಿದೆ; ಮಳೆಗೆ ನೆನೆದು ಕಲ್ಲಾದ ಎರಡು ಸಿಮೆಂಟ್ ಚೀಲಗಳಿವೆ; ಅವುಗಳ ಮರೆಯಲ್ಲಿ ಒಂದು ನಾಯಿ ನಾಲ್ಕು ಮರಿ ಹಾಕಿದೆ. ಈಚೆಗೆ ಅದರ ತಂತಿಬೇಲಿಗೆ ಒಂದು ನೋಟಿಸು ಕಟ್ಟಿದರು. ‘ಈ ಖಾಲಿ ನಿವೇಶನದಲ್ಲಿರುವ ಗಿಡಗಂಟಿ ಹಾಗೂ ತ್ಯಾಜ್ಯವನ್ನು ಮಾಲೀಕರು ಕೂಡಲೇ ತೆರವುಗೊಳಿಸತಕ್ಕದ್ದು’ ಎಂಬುದು ಅದರ ಸಾರ. ಎರಡು ವರ್ಷಗಳಿಂದ ಶ್ರದ್ಧೆಯಿಂದ ಕನ್ನಡ ಕಲಿಯುತ್ತಿರುವ, ಭುವನೇಶ್ವರದಿಂದ ಬಂದ ನೆರೆಮನೆಯವರು ಅದನ್ನು ಅಕ್ಷರ ಅಕ್ಷರ ಕೂಡಿಸಿ ಓದಿ, ನನ್ನನ್ನು ಕೇಳಿದರು: ‘ಇಷ್ಟೆಲ್ಲ ತುಂಬಿರುವುದನ್ನು ಖಾಲಿ ಎನ್ನುತ್ತಾರಲ್ಲ, ಏನು ಇಲ್ಲವೆಂದು?’

ಪ್ರಶ್ನೆ ಸರಿಯಾಗಿಯೇ ಇದೆ. ಅವರಿಗೆ ಮಾತ್ರವಲ್ಲ, ಈ ಊರಿನಲ್ಲಿ ಹುಟ್ಟಿ ಬೆಳೆದವರಿಗೂ ಈಗ ಇಂತಹ ಪದಗಳನ್ನು ಕಣ್ಣಿಟ್ಟು ಓದಬೇಕಾದ ಸಂದರ್ಭ ಬಂದಿದೆ. 2024ರಲ್ಲಿ ರಾಜ್ಯದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿಯಾಗಿ ಅಂಗಡಿ-ಕಚೇರಿಗಳ ನಾಮಫಲಕಗಳಲ್ಲಿ ಶೇ. 60ರಷ್ಟು ಕನ್ನಡ ಕಡ್ಡಾಯವಾಯಿತು. ಅದೇ ವರ್ಷದ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ಆಸ್ತಿ ನೋಂದಣಿಗೆ ಇ-ಖಾತೆ, ಅಂದರೆ ಆಸ್ತಿಯ ಡಿಜಿಟಲ್ ದಾಖಲೆ, ಬೇಕಾಯಿತು. ಹಳೆಯ ಕಾಗದಪತ್ರಗಳನ್ನು ಅಟ್ಟದಿಂದ ಇಳಿಸಿ ಓದುವಾಗ ‘ಖಾಲಿ’, ‘ಖರಾಬು’, ‘ಬೀಳು’, ‘ತೆರವು’ ಎಂಬ ಪದಗಳು ಒಂದರ ಬೆನ್ನಿಗೆ ಒಂದು ಎದುರಾಗುತ್ತವೆ. ಇವೆಲ್ಲವೂ ‘ಏನೂ ಇಲ್ಲದ ಜಾಗ’ ಎಂದು ಮೇಲ್ನೋಟಕ್ಕೆ ಕಂಡರೂ ಒಂದರ ಜಾಗದಲ್ಲಿ ಇನ್ನೊಂದನ್ನು ಇಡಲು ಬರುವುದಿಲ್ಲ.

ಪದ ಬಂದ ದಾರಿ

‘ಖಾಲಿ’ ಮೂಲತಃ ಅರಬ್ಬಿ ಪದ. ‘ಏಕಾಂತ’ ಎಂಬ ಅರ್ಥದ ‘ಖಲ್ವತ್’ ಹುಟ್ಟಿದ ಧಾತುವಿನಿಂದಲೇ ಅದೂ ಹುಟ್ಟಿದೆ. ಅಂದರೆ ಜನರಿಲ್ಲದಿರುವಿಕೆ ಅದರ ರಕ್ತದಲ್ಲೇ ಇದೆ. ಅರಬ್ಬಿಯಿಂದ ಪಾರಸಿಗೆ, ಪಾರಸಿಯಿಂದ ಉರ್ದು ಮತ್ತು ದಖನಿಗೆ, ಅಲ್ಲಿಂದ ಕನ್ನಡಕ್ಕೆ ಅದು ಇಳಿಯಿತು. ಬಹಮನಿ ಮತ್ತು ಆದಿಲ್‌ಶಾಹಿ ಆಡಳಿತ, ಆಮೇಲೆ ಹೈದರ್-ಟಿಪ್ಪು ಕಾಲದ ದಫ್ತರಗಳ ಮೂಲಕ ಕನ್ನಡಕ್ಕೆ ಬಂದ ಜಮೀನು, ದಾಖಲೆ, ಖಜಾನೆ, ತಹಶೀಲ್ದಾರ, ಖರಾಬು ಮುಂತಾದ ಪದಗಳ ಬಳಗದ್ದೇ ಇದು. ‘ಜಾಗ’ ಕೂಡ ಪಾರಸಿ ಮೂಲದ್ದು. ಹಾಗಾಗಿ ನಾವು ದಿನಕ್ಕೆ ಹತ್ತು ಸಲ ಹೇಳುವ ‘ಖಾಲಿ ಜಾಗ’ ಎಂಬ ಜೋಡಿಯಲ್ಲಿ ಅಚ್ಚಗನ್ನಡದ ಒಂದಕ್ಷರವೂ ಇಲ್ಲ. ಆದರೂ ಅದಕ್ಕಿಂತ ಮನೆಮಾತಾದ ಜೋಡಿ ಇನ್ನೊಂದು ಸಿಗುವುದು ಕಷ್ಟ. ಆಡುಮಾತಿನಲ್ಲಿ ಮಹಾಪ್ರಾಣ ಸವೆದು ‘ಕಾಲಿ’ ಆಗುತ್ತದೆ. ಬರೆಯುವಾಗ ‘ಖ’ ಉಳಿಸಿಕೊಳ್ಳುವುದು ರೂಢಿ.

ನೆರೆಭಾಷೆಗಳಲ್ಲಿ ಇದೇ ಪದ ಬೇರೆ ಬೇರೆ ವೇಷ ತೊಟ್ಟಿದೆ. ತೆಲುಗಿನವರು ಅದನ್ನು ‘ಖಾಳೀ’ ಎಂದು ಳಕಾರದಲ್ಲಿ ಬರೆಯುತ್ತಾರೆ. ಮರಾಠಿಯಲ್ಲಿ ಮಾತ್ರ ಎಚ್ಚರ ಬೇಕು: ಅಲ್ಲಿ ಇದೇ ಸದ್ದಿನ ಬೇರೊಂದು ಪದವಿದೆ, ‘ಖಾಲೀ’ ಎಂದರೆ ‘ಕೆಳಗೆ’. ಮರಾಠಿಯವರು ಮಗುವಿಗೆ ‘ಖಾಲೀ ಬಸ್’ ಎಂದರೆ ‘ಕೆಳಗೆ ಕುಳಿತುಕೋ’ ಎಂದರ್ಥ. ಬೆಂಗಳೂರಿನ ಕಿವಿಗೆ ಅದು ಯಾವುದೋ ಡಿಪೋದಿಂದ ಹೊರಟ ವಾಹನದಂತೆ ಕೇಳಿಸುತ್ತದೆ. ತೆರಪಾಗಿರುವುದಕ್ಕೆ ಅವರು ಹೇಳುವುದು ‘ರಿಕಾಮಾ’. ಅದು ಗಡಿ ದಾಟಿ ಧಾರವಾಡ-ಬೆಳಗಾವಿಯ ಕನ್ನಡದಲ್ಲಿ ‘ರಿಕಾಮಿ ಕುಂತಾನ’ ಎಂದು, ಕೆಲಸವಿಲ್ಲದೆ ಕುಳಿತವನಿಗೆ ಅಂಟಿಕೊಂಡಿದೆ.

ಡಬ್ಬಿ ಖಾಲಿಯೋ ಸಕ್ಕರೆ ಖಾಲಿಯೋ

ಪದದ ಮೊದಲ ಅರ್ಥ ಸರಳ. ಯಾವುದೋ ಒಂದನ್ನು ತುಂಬಿಕೊಳ್ಳಲೆಂದೇ ಇರುವ ವಸ್ತು ತುಂಬಿಕೊಳ್ಳದೆ ಇದ್ದರೆ ಅದು ಖಾಲಿ. ಡಬ್ಬಿ, ಕೊಡ, ಜೇಬು, ಕುರ್ಚಿ, ಕೊಠಡಿ, ಹಾಳೆ ಎಲ್ಲವೂ ಖಾಲಿಯಾಗಿರಬಲ್ಲವು. ಬಂಡೆ ಖಾಲಿಯಾಗಿರಲಾರದು, ಆಕಾಶವನ್ನು ಯಾರೂ ಖಾಲಿ ಎನ್ನುವುದಿಲ್ಲ. ತುಂಬಬಹುದು ಅಥವಾ ತುಂಬಬೇಕಿತ್ತು ಎಂಬ ಒಂದು ನಿರೀಕ್ಷೆ ಮೊದಲು ಇರಬೇಕು. ಆ ನಿರೀಕ್ಷೆ ಈಡೇರದಿದ್ದಾಗ ಮಾತ್ರ ‘ಖಾಲಿ’ ಎಂಬ ಮಾತು ಹುಟ್ಟುತ್ತದೆ. ಈ ಒಂದು ಎಳೆಯನ್ನು ಹಿಡಿದುಕೊಂಡರೆ ಮುಂದಿನ ಬಹುಪಾಲು ಬಳಕೆಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ.

ಕನ್ನಡ ಇಲ್ಲಿ ಒಂದು ಹೆಜ್ಜೆ ಮುಂದೆ ಹೋಗಿದೆ. ಬೆಳಗಿನ ಹತ್ತೂವರೆಗೆ ನಮ್ಮ ಬಡಾವಣೆಯ ದರ್ಶಿನಿಯ ಕ್ಯಾಷ್ ಕೌಂಟರ್ ಪಕ್ಕದಲ್ಲಿ ಒಂದು ಸ್ಲೇಟು ನೇತಾಡುತ್ತದೆ. ಅಂಚಿನ ಮರ ಎಣ್ಣೆಗೆ ಕಪ್ಪಾಗಿದೆ; ಹಿಂದಿನ ದಿನದ ಅಕ್ಷರಗಳು ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಬೂದಿ ಬಣ್ಣದಲ್ಲಿ ಉಳಿದಿರುತ್ತವೆ; ಅವುಗಳ ಮೇಲೆ ಸೀಮೆಸುಣ್ಣದಲ್ಲಿ ‘ಇಡ್ಲಿ ಖಾಲಿ’ ಎಂದು ಬರೆದಿರುತ್ತದೆ. ಇಡ್ಲಿಯ ಒಳಗೆ ಏನೂ ಇಲ್ಲವೆಂದು ಇದರ ಅರ್ಥವಲ್ಲ, ಇಡ್ಲಿಯೇ ಮುಗಿದಿದೆ ಎಂದು. ‘ಡಬ್ಬಿ ಖಾಲಿಯಾಯಿತು’ ಎಂದರೆ ಪಾತ್ರೆ ಬರಿದಾಯಿತು; ‘ಸಕ್ಕರೆ ಖಾಲಿಯಾಯಿತು’ ಎಂದರೆ ಪಾತ್ರೆಯಲ್ಲಿದ್ದ ಪದಾರ್ಥ ಮುಗಿಯಿತು. ಪಾತ್ರೆಗೆ ಸೇರಿದ ಗುಣವನ್ನು ಪದಾರ್ಥದ ಮೇಲೆ ಹೊರಿಸುವ ಈ ಬಳಕೆ ಹಿಂದಿಯಲ್ಲಿಲ್ಲ. ಅಲ್ಲಿ ಸಕ್ಕರೆ ‘ಖತಂ’ ಆಗುತ್ತದೆ, ಡಬ್ಬಿ ಮಾತ್ರ ‘ಖಾಲಿ’ ಆಗುತ್ತದೆ. ನಮ್ಮ ನೆರೆಮನೆಯವರು ಹಿಂದಿ ಬಲ್ಲವರಾದ್ದರಿಂದ ‘ಖಾಲಿ’ ತಮಗೆ ಗೊತ್ತಿರುವ ಪದವೆಂದೇ ನಂಬಿದ್ದರು. ಅವರು ಎಡವಿದ್ದು ಇಡ್ಲಿಯಲ್ಲಿ.

ಹೀಗಾಗಿ ಪೆಟ್ರೋಲ್, ದುಡ್ಡು, ಟಿಕೆಟ್, ತಾಳ್ಮೆ, ಮೊಬೈಲಿನ ಡೇಟಾ ಎಲ್ಲವೂ ಕನ್ನಡದಲ್ಲಿ ಖಾಲಿಯಾಗುತ್ತವೆ. ‘ಅವನ ಹತ್ತಿರ ಸರಕು ಖಾಲಿ’ ಎಂದರೆ ಹೇಳಲು ಮಾತು ಉಳಿದಿಲ್ಲವೆಂದು. ಎಲ್ಲಿ ಪಾತ್ರೆ, ಎಲ್ಲಿ ಪದಾರ್ಥ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ: ‘ಖಾಲಿ’ಯ ಬದಲು ‘ಮುಗಿ’ ಹಾಕಿ ನೋಡಬೇಕು. ‘ಸಕ್ಕರೆ ಮುಗಿಯಿತು’ ಸರಿಹೊಂದುತ್ತದೆ, ಆದ್ದರಿಂದ ಅದು ಪದಾರ್ಥ. ‘ಡಬ್ಬಿ ಮುಗಿಯಿತು’ ಹೊಂದುವುದಿಲ್ಲ, ಆದ್ದರಿಂದ ಅದು ಪಾತ್ರೆ. ಖಾಲಿ ದೋಸೆಗೆ ಈ ಪರೀಕ್ಷೆ ಅನ್ವಯಿಸುವುದಿಲ್ಲ. ಮಸಾಲೆ ದೋಸೆಯ ಹೊಟ್ಟೆಯಲ್ಲಿ ಪಲ್ಯವಿರುತ್ತದೆ, ಇದರಲ್ಲಿ ಇರುವುದಿಲ್ಲ. ಪಲ್ಯವನ್ನು ನಿರೀಕ್ಷಿಸುವವರ ಊರಿನಲ್ಲಿ ಮಾತ್ರ ಇಂತಹ ಹೆಸರು ಹುಟ್ಟಲು ಸಾಧ್ಯ. ದರ್ಶಿನಿಯಲ್ಲಿ ‘ಖಾಲಿ ದೋಸೆ ಖಾಲಿ’ ಎಂದು ಮಾಣಿ ಕೂಗಿದರೆ ಬೆಂಗಳೂರಿಗರು ಹುಬ್ಬೇರಿಸದೆ ‘ಹಾಗಾದರೆ ಸೆಟ್ ಕೊಡಿ’ ಎನ್ನುತ್ತಾರೆ.

ಎಷ್ಟು ಖಾಲಿಯಾದರೆ ಖಾಲಿ?

ಗಣಿತದಲ್ಲಿ ಸೊನ್ನೆಗೆ ಮಟ್ಟಗಳಿಲ್ಲ, ಮಾತಿನಲ್ಲಿ ಖಾಲಿಗೆ ಇವೆ. ಕಂಡಕ್ಟರ್ ‘ಒಳಗೆ ಹೋಗಿ, ಒಳಗೆ ಖಾಲಿ ಇದೆ’ ಎನ್ನುವಾಗ ಒಳಗೆ ಮೂವತ್ತು ಜನ ನಿಂತಿರಬಹುದು. ಇನ್ನೂ ನಾಲ್ವರಿಗೆ ಕಾಲೂರಲು ಎಡೆಯಿದೆ ಎಂಬುದಷ್ಟೇ ಅವರ ಮಾತಿನ ಅರ್ಥ. ಪ್ರಯಾಣಿಕರು ‘ಬಸ್ಸು ಖಾಲಿಯಿತ್ತು’ ಎಂದರೆ ಕೂರಲು ಸೀಟು ಸಿಕ್ಕಿತೆಂದು. ಅದೇ ಬಸ್ಸನ್ನು ಡಿಪೋದವರು ಖಾಲಿ ಎನ್ನಬೇಕಾದರೆ ಅದರಲ್ಲಿ ಒಬ್ಬ ಪ್ರಯಾಣಿಕನೂ ಇರಬಾರದು. ಒಂದೇ ಪದ, ಮೂವರ ಮೂರು ನಿರೀಕ್ಷೆ.

ಆಟೊ ಇನ್ನೂ ಸ್ಪಷ್ಟವಾದ ಉದಾಹರಣೆ. ಚಾಲಕ ಕುಳಿತೇ ಇರುತ್ತಾನೆ, ಆದರೂ ಅದು ಖಾಲಿ ಆಟೊ. ‘ಅಲ್ಲಿಂದ ವಾಪಸ್ ಖಾಲಿ ಬರಬೇಕು ಸಾರ್’ ಎಂದು ಅವರು ಮೀಟರಿನ ಮೇಲೆ ಹೆಚ್ಚಿಗೆ ಕೇಳುವಾಗ ಲೆಕ್ಕಕ್ಕೆ ಬಾರದಿರುವುದು ಅವರದೇ ದೇಹ. ಹಬ್ಬದ ಸಾಲು ರಜೆಗಳಲ್ಲಿ ಮೆಜೆಸ್ಟಿಕ್‌ನಿಂದ ಬಸ್ಸುಗಳು ಊರುಗಳ ಕಡೆ ಹೊರಟ ಮೇಲೆ ‘ಬೆಂಗಳೂರು ಖಾಲಿ ಖಾಲಿ’ ಎಂಬ ಶೀರ್ಷಿಕೆ ಪತ್ರಿಕೆಗಳಲ್ಲಿ ಬರುತ್ತದೆ. ಆಗಲೂ ನಗರದಲ್ಲಿ ಲಕ್ಷಗಟ್ಟಲೆ ಜನ ಇರುತ್ತಾರೆ. ಕನ್ನಡದಲ್ಲಿ ಪದವನ್ನು ಇಮ್ಮಡಿಸಿದಾಗ ಅಳತೆ ಹೆಚ್ಚುವುದಕ್ಕಿಂತ ಅನಿಸಿಕೆ ಗಾಢವಾಗುತ್ತದೆ: ‘ಮನೆ ಖಾಲಿ’ ಎಂದರೆ ಒಂದು ಸಂಗತಿ; ಮಗಳು ಹಾಸ್ಟೆಲಿಗೆ ಹೋದ ಮೇಲೆ ‘ಮನೆ ಖಾಲಿ ಖಾಲಿ’ ಎಂದರೆ ಅದು ಅಳಲು.

ವೈದ್ಯರ ‘ಖಾಲಿ ಹೊಟ್ಟೆ’ಗೆ ಮಾತ್ರ ಗಡಿಯಾರದ ಅಳತೆಯಿದೆ. ರಕ್ತದ ಸಕ್ಕರೆ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಬೇಕೆಂದರೆ ಕನಿಷ್ಠ 8 ಗಂಟೆ ಆಹಾರ ಸೇವಿಸಿರಬಾರದು, ನೀರು ಕುಡಿಯಬಹುದು. ಹೊಟ್ಟೆಯಲ್ಲಿ ನೀರಿದ್ದರೂ ಅದು ಖಾಲಿಯೇ, ಏಕೆಂದರೆ ಅಲ್ಲಿ ಲೆಕ್ಕಕ್ಕೆ ಬರುವುದು ಸಕ್ಕರೆಯಾಗಿ ಬದಲಾಗುವ ಆಹಾರ. ನಮ್ಮ ಮನೆಗಳ ಲೆಕ್ಕದಲ್ಲಿ ಒಂದು ಲೋಟ ಕಾಫಿ ಕುಡಿದವರೂ ‘ಇನ್ನೂ ಖಾಲಿ ಹೊಟ್ಟೆ’ ಎಂದೇ ಹೇಳಿಕೊಳ್ಳುತ್ತಾರೆ. ಲ್ಯಾಬಿನವರು ರಕ್ತ ತೆಗೆಯುವ ಮುನ್ನ ‘ಕಾಫಿ ಕುಡಿದಿದ್ದೀರಾ?’ ಎಂದು ಬೇರೆಯಾಗಿ ಕೇಳುವುದು ಇದೇ ಕಾರಣಕ್ಕೆ.

ಬರಿದು, ಬೋಳು, ಬಯಲು, ಟೊಳ್ಳು

‘ಖಾಲಿ’ ಬರುವ ಮೊದಲು ಕನ್ನಡಿಗರು ಏನೆನ್ನುತ್ತಿದ್ದರು? ಬಹುಮಟ್ಟಿಗೆ ‘ಬರಿದು’. ಹಳಗನ್ನಡದಲ್ಲಿ ಇದನ್ನು ಶಕಟರೇಫವೆಂಬ ಹಳೆಯ ‘ಱ’ ಅಕ್ಷರದಲ್ಲಿ ‘ಬಱಿದು’ ಎಂದು ಬರೆಯುತ್ತಿದ್ದರು. ತಮಿಳಿನಲ್ಲಿ ‘ವಱಿದು’ ಎಂದರೆ ಬರಿದು, ‘ವಱುಮೈ’ ಎಂದರೆ ಬಡತನ. ಇವು ನಮ್ಮ ಪದದ ದಾಯಾದಿಗಳು. ಮಳೆಯಿಲ್ಲದೆ ಬರುವ ‘ಬರ’ವೂ ಇದೇ ಬುಡದ್ದು. ಒಣಗುವುದು, ಇಲ್ಲದಾಗುವುದು, ಬಡವಾಗುವುದು ಎಂಬ ಅರ್ಥಗಳು ಈ ಬುಡದಲ್ಲಿ ಹೆಣೆದುಕೊಂಡಿರುವುದರಿಂದಲೇ ‘ಬರಿದು’ ಎಂಬಲ್ಲಿ ‘ಖಾಲಿ’ಗೆ ಇಲ್ಲದ ಒಂದು ನಷ್ಟದ ಧ್ವನಿ ಉಳಿದಿದೆ. ಜಲಾಶಯ ‘ಬರಿದಾಯಿತು’ ಎಂದು ಬರೆದರೆ ಓದುಗರಿಗೆ ಬಿರುಕು ಬಿಟ್ಟ ನೆಲ ಕಾಣುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರು ನೀರಿಗೆ ಪರದಾಡಿದಾಗ ಜನರಾಡಿದ ಮಾತನ್ನು ನೆನೆಸಿಕೊಳ್ಳಿ: ಸಂಪು ‘ಖಾಲಿ’, ಕ್ಯಾನು ‘ಖಾಲಿ’, ಆದರೆ ಬೋರ್‌ವೆಲ್ ‘ಬತ್ತಿತು’ ಅಥವಾ ‘ಕೈಕೊಟ್ಟಿತು’. ನಾವು ತುಂಬಿಸಿದ್ದು ಖಾಲಿಯಾಗುತ್ತದೆ, ನೆಲ ಕೊಟ್ಟಿದ್ದು ಬತ್ತುತ್ತದೆ. ಭಾಷೆ ಈ ಭೇದವನ್ನು ಯಾರೂ ಹೇಳಿಕೊಡದೆ ಕಾಯ್ದುಕೊಂಡು ಬಂದಿದೆ.

‘ಬರಿ’ಗೆ ಇನ್ನೊಂದು ಕೆಲಸವೂ ಇದೆ. ಜೊತೆಗೆ ಅಥವಾ ಮೇಲೆ ಇರಬೇಕಾದದ್ದು ಇಲ್ಲದಿದ್ದರೆ ಅದು ಬರಿ: ಬರಿಗಾಲು, ಬರಿಮೈ, ಬರಿನೆಲ. ಕಾಲು ಪಾತ್ರೆಯಲ್ಲದ ಕಾರಣ ‘ಖಾಲಿ ಕಾಲು’ ಎನ್ನಲು ಬರುವುದಿಲ್ಲ. ಹೊಟ್ಟೆ ಪಾತ್ರೆಯಾದ ಕಾರಣ ‘ಖಾಲಿ ಹೊಟ್ಟೆ’, ‘ಬರಿಹೊಟ್ಟೆ’ ಎರಡೂ ನಡೆಯುತ್ತವೆ. ಕೈ ಎರಡೂ ಕಡೆ ಸಲ್ಲುತ್ತದೆ. ನೆಂಟರ ಮನೆಗೆ ಹಣ್ಣು-ಹೂವಿಲ್ಲದೆ ಹೋದರೆ ಖಾಲಿ ಕೈ. ಹೆಂಗಸರು ಬಳೆ ತೊಡದಿದ್ದರೆ ಬರಿಗೈ. ಹತ್ತಿರ ಏನೂ ಇಲ್ಲದೆ ದೊಡ್ಡ ಯೋಜನೆ ಹೇಳುವವನು ಬರಿಗೈಯಲ್ಲಿ ಮೊಳ ಹಾಕುವವನು. ಇದೇ ‘ಬರಿ’ ದೀರ್ಘವಾಗಿ ‘ಬರೀ ಮಾತು’, ‘ಬರೀ ಸಾರು’ ಎಂಬಲ್ಲಿ ‘ಕೇವಲ’ ಎಂಬ ಅರ್ಥ ಕೊಡುತ್ತದೆ. ಹತ್ತಿರದ ಬಂಧುವಾದ ‘ಬೋಳು’ ಮೇಲ್ಮೈಗೆ ಸೇರಿದ್ದು: ಬೋಳುತಲೆ, ಬೋಳುಗುಡ್ಡ, ಓಲೆಯಿಲ್ಲದ ಬೋಳುಕಿವಿ.

ಒಳಗಿನ ಇಲ್ಲದಿರುವಿಕೆಗೆ ‘ಟೊಳ್ಳು’, ‘ಪೊಳ್ಳು’, ‘ಜೊಳ್ಳು’ ಎಂಬ ಮೂರು ಪದಗಳಿವೆ, ಮೂರರಲ್ಲೂ ದೂರಿದೆ. ಹೊರಗಿನಿಂದ ಗಟ್ಟಿಯಾಗಿ ಕಂಡು ಒಳಗೆ ತಿರುಳಿಲ್ಲದ ಮರ ಟೊಳ್ಳು. ಕಾಳು ಕಟ್ಟದ ಭತ್ತ ಜೊಳ್ಳು. ಆಧಾರವಿಲ್ಲದ ಭರವಸೆ ಪೊಳ್ಳು. ಖಾಲಿ ಡಬ್ಬಿ ಯಾರನ್ನೂ ಮೋಸಗೊಳಿಸುವುದಿಲ್ಲ, ಮುಚ್ಚಳ ತೆರೆದರೆ ಗೊತ್ತಾಗುತ್ತದೆ. ಟೊಳ್ಳು ಮರ ಗಾಳಿಗೆ ಕಾರಿನ ಮೇಲೆ ಬೀಳುವವರೆಗೂ ಗೊತ್ತಾಗುವುದಿಲ್ಲ.

‘ಬಯಲು’ ಇವೆಲ್ಲಕ್ಕಿಂತ ಭಿನ್ನ. ಅದು ತುಂಬಲೆಂದು ಕಾಯುತ್ತಿರುವ ಜಾಗವಲ್ಲ, ತೆರೆದುಕೊಂಡಿರುವುದೇ ಅದರ ಸ್ವಭಾವ. ಬಯಲುಸೀಮೆ, ಬಯಲಾಟ, ಬಟಾಬಯಲು ಎಂಬಲ್ಲೆಲ್ಲ ಇರುವುದು ಮರೆಯಿಲ್ಲದ ವಿಸ್ತಾರ. ಹನ್ನೆರಡನೆಯ ಶತಮಾನದ ವಚನಕಾರರು ಹೆಸರು-ರೂಪಗಳಾಚೆಗಿನ ಪರಮಸತ್ಯವನ್ನು ಕುರಿತು ಮಾತನಾಡುವಾಗ ಈ ಪದವನ್ನೇ ಆರಿಸಿಕೊಂಡರು. ಅಲ್ಲಿ ಬಯಲೆಂದರೆ ಕೊರತೆಯಲ್ಲ. ಬಚ್ಚಿಟ್ಟದ್ದು ಹೊರಬಿದ್ದಾಗ ‘ಬಯಲಾಯಿತು’ ಎನ್ನುವುದೂ ಮರೆ ಸರಿದ ಕಾರಣಕ್ಕೇ. ಸಂಸ್ಕೃತದ ‘ಶೂನ್ಯ’ ದಾರ್ಶನಿಕರ ಹಾಗೂ ಗಣಿತಜ್ಞರ ಪಾಲಾಯಿತು. ಅದರ ತದ್ಭವವಾದ ‘ಸೊನ್ನೆ’ ಮಕ್ಕಳ ಉತ್ತರಪತ್ರಿಕೆಗೂ ಅನುಸ್ವಾರದ ಚಿಹ್ನೆಗೂ ಹೋಯಿತು. ವಿಧಾನಸೌಧದಲ್ಲಿ ‘ಶೂನ್ಯವೇಳೆ’ ಎಂಬುದೊಂದಿದೆ. ಮಾತಿನಿಂದ ಅಷ್ಟು ತುಂಬಿರುವ ವೇಳೆ ದಿನದಲ್ಲಿ ಬೇರೊಂದಿರುವುದಿಲ್ಲ.

ಖಾಲಿ ಕಂಡದ್ದೆಲ್ಲ ಖಾಲಿಯಲ್ಲ

ಈಗ ತಂತಿಬೇಲಿಯ ನೋಟಿಸಿಗೆ ಬರೋಣ. ನಿವೇಶನವೆಂದರೆ ಮನೆ ಕಟ್ಟಲೆಂದು ಅಳೆದು ಗುರುತಿಸಿದ ನೆಲ. ಅದರಿಂದ ನಿರೀಕ್ಷಿಸುವುದು ಕಟ್ಟಡವನ್ನು. ಕಟ್ಟಡವಿಲ್ಲದಿದ್ದರೆ ಪಾರ್ಥೇನಿಯಂ, ಟೈಲ್ಸ್, ನಾಯಿಮರಿ ಏನೇ ಇದ್ದರೂ ಅದು ಖಾಲಿ ನಿವೇಶನ. ಆಸ್ತಿ ತೆರಿಗೆಯಲ್ಲಿ ಕಟ್ಟಡಕ್ಕೂ ಖಾಲಿ ನಿವೇಶನಕ್ಕೂ ಬೇರೆ ಬೇರೆ ಲೆಕ್ಕವಿರುವುದರಿಂದ ಈ ಪದಕ್ಕೆ ಹಣದ ಬೆಲೆಯೂ ಇದೆ. ನೆರೆಮನೆಯವರ ಪ್ರಶ್ನೆಗೆ ನೇರ ಉತ್ತರ ಇದು: ಇಲ್ಲದಿರುವುದು ಮನೆ.

ಆದರೆ ಕಟ್ಟಡವಿಲ್ಲದ ನೆಲವೆಲ್ಲ ಕಾಗದದ ಮೇಲೆ ಖಾಲಿಯಲ್ಲ, ತಕರಾರುಗಳು ಹುಟ್ಟುವುದು ಇಲ್ಲಿಯೇ. ಹೊರವಲಯದ ಪಹಣಿಗಳಲ್ಲಿ ‘ಖರಾಬು’ ಎಂಬ ಅಂಕಣವಿರುತ್ತದೆ. ಬಂಡೆ, ಹಳ್ಳದಂತಹ ಕಾರಣಕ್ಕೆ ಸಾಗುವಳಿಗೆ ಒದಗದ ನೆಲ ‘ಎ’ ಖರಾಬು. ದಾರಿ, ಕಾಲುವೆ, ಕೆರೆ, ಸ್ಮಶಾನ ಮುಂತಾಗಿ ಸಾರ್ವಜನಿಕ ಬಳಕೆಗೆ ಮೀಸಲಾದದ್ದು ‘ಬಿ’ ಖರಾಬು. ನೋಡುವವರಿಗೆ ಎರಡೂ ಖಾಲಿ ನೆಲವೇ, ಆದರೆ ‘ಬಿ’ ಖರಾಬಿನ ಮೇಲೆ ಖಾಸಗಿಯವರಿಗೆ ಮನೆ ಕಟ್ಟುವ ಹಕ್ಕಿಲ್ಲ. ದನ ಮೇಯಲು ಬಿಟ್ಟದ್ದು ಗೋಮಾಳ. ಉಳಬಹುದಾಗಿದ್ದರೂ ಉಳದೆ ಬಿಟ್ಟದ್ದು ಬೀಳು. ಬಡಾವಣೆಗಳಲ್ಲಿ ಶಾಲೆ, ಆಸ್ಪತ್ರೆಯಂತಹ ಸೌಕರ್ಯಗಳಿಗೆ ಮೀಸಲಿಟ್ಟ ಸಿಎ ನಿವೇಶನಗಳು ವರ್ಷಗಟ್ಟಲೆ ಹಾಗೆಯೇ ಬಿದ್ದಿದ್ದರೂ ಅವುಗಳಿಗೆ ಉದ್ದೇಶವೊಂದು ನಿಗದಿಯಾಗಿರುತ್ತದೆ. ಉದ್ಯಾನ, ಆಟದ ಮೈದಾನ ಮತ್ತು ತೆರೆದ ಸ್ಥಳಗಳ ರಕ್ಷಣೆಗೆ ಕರ್ನಾಟಕದಲ್ಲಿ 1985ರಲ್ಲಿ ಒಂದು ಪ್ರತ್ಯೇಕ ಕಾಯ್ದೆಯೇ ಬಂತು. ‘ತೆರೆದ ಸ್ಥಳ’ವೆಂದರೆ ತೆರೆದಿರಲೆಂದೇ ಬಿಟ್ಟದ್ದು, ‘ಖಾಲಿ ಸ್ಥಳ’ವೆಂದರೆ ಇನ್ನೂ ತುಂಬದೆ ಉಳಿದದ್ದು. ಒಂದು ನೆಲವನ್ನು ಯಾವ ಪದದಿಂದ ಕರೆಯುತ್ತೇವೆ ಎಂಬುದರ ಮೇಲೆ ಅದರ ಹಣೆಬರಹ ಎಷ್ಟು ನಿಂತಿದೆ ಎಂಬುದಕ್ಕೆ ಬೆಂಗಳೂರಿನ ಕೆರೆಗಳೇ ಸಾಕ್ಷಿ. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ. ನೀರು ಹಿಂಗಿದ ಕೆರೆಯನ್ನು ‘ಬತ್ತಿದ ಕೆರೆ’ ಎಂದರೆ ಅದು ಮಳೆಗಾಗಿ ಕಾಯುತ್ತದೆ, ‘ಖಾಲಿ ಜಾಗ’ ಎಂದರೆ ಕಟ್ಟಡಕ್ಕಾಗಿ.

ಇನ್ನು ‘ತೆರವು’. ‘ತೆರೆ’, ‘ತೆರಪು’ಗಳ ಬಳಗದ ಈ ಪದ ಹಿಂದೆ ತುಂಬಿದ್ದು ಈಗ ಬಿಟ್ಟುಹೋದ ಎಡೆಯನ್ನು ಸೂಚಿಸುತ್ತದೆ. ಶಾಸಕರ ರಾಜೀನಾಮೆಯಿಂದ ಸ್ಥಾನ ‘ತೆರವಾಗುತ್ತದೆ’. ಸಾಮಾನ್ಯವಾಗಿ ತೆರವಾದ ಆರು ತಿಂಗಳೊಳಗೆ ಉಪಚುನಾವಣೆ ನಡೆಯಬೇಕು, ಅವಧಿ ಮುಗಿಯಲು ಒಂದು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಅದಕ್ಕೆ ವಿನಾಯಿತಿಯಿದೆ. ಕೆಲಸದ ರೂಪದಲ್ಲಿ ಬಂದಾಗ ಪದ ಬಿರುಸಾಗುತ್ತದೆ. ‘ಒತ್ತುವರಿ ತೆರವು’ ಎಂಬ ಎರಡು ಪದ ಕೇಳಿದರೆ ಸಾಕು, ಜೆಸಿಬಿಯ ಸದ್ದು ಹಿಂದೆಯೇ ಕೇಳಿಸುತ್ತದೆ. ತಂತಿಬೇಲಿಯ ನೋಟಿಸಿನಲ್ಲಿ ಎರಡೂ ಪದಗಳು ಒಂದೇ ವಾಕ್ಯದಲ್ಲಿದ್ದವು: ಖಾಲಿ ಇರುವ ನಿವೇಶನದಲ್ಲಿ ಇರಬಾರದ್ದನ್ನು ತೆರವು ಮಾಡಿ ಎಂದು. ತೆರವು ಮಾಡಿದ ಮೇಲೂ ಅದು ಖಾಲಿಯೇ, ಮೊದಲೂ ಖಾಲಿಯೇ.

ಹುದ್ದೆ, ಚೆಕ್ಕು, ಸಿಲಿಂಡರು

ಸರ್ಕಾರಿ ಕೋಷ್ಟಕಗಳಲ್ಲಿ ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ, ಖಾಲಿ ಹುದ್ದೆ ಎಂಬ ಮೂರು ಅಂಕಣಗಳಿರುತ್ತವೆ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಮೂರನೆಯದು. ಅಂದರೆ ಎಷ್ಟೇ ಕೆಲಸ ಬಾಕಿಯಿದ್ದರೂ ಮಂಜೂರಾಗದ ಹುದ್ದೆ ಖಾಲಿಯಾಗಿರಲು ಸಾಧ್ಯವಿಲ್ಲ. ಕುರ್ಚಿ ಮೊದಲು ಹುಟ್ಟಬೇಕು, ಆಮೇಲೆ ಅದು ಖಾಲಿ ಬೀಳಬೇಕು. ನೂರು ಜನ ಬೇಕಾದ ಕಚೇರಿಗೆ ಐವತ್ತೇ ಹುದ್ದೆ ಮಂಜೂರಾಗಿ ಐವತ್ತೂ ತುಂಬಿದ್ದರೆ ಕಾಗದದ ಪ್ರಕಾರ ಅಲ್ಲಿ ಖಾಲಿ ಏನೂ ಇಲ್ಲ.

ಖಾಲಿ ಚೆಕ್ಕಿನ ವಿಷಯ ಸ್ವಲ್ಪ ಗಂಭೀರ. ಮೊತ್ತವನ್ನೂ ದಿನಾಂಕವನ್ನೂ ಬರೆಯದೆ ಸಹಿ ಮಾತ್ರ ಹಾಕಿ ಕೊಟ್ಟ ಚೆಕ್ಕನ್ನು ಜನ ‘ಖಾಲಿ’ ಎನ್ನುತ್ತಾರೆ, ಏನೂ ಬರೆದಿಲ್ಲವಾದ್ದರಿಂದ ತಮಗೇನೂ ಬಾಧೆಯಿಲ್ಲವೆಂದು ನಂಬುತ್ತಾರೆ. ಕಾನೂನು ಹಾಗೆ ನೋಡುವುದಿಲ್ಲ. ಪಾವತಿಗೆಂದು ಸ್ವಇಚ್ಛೆಯಿಂದ ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕನ್ನು ಪಡೆದವರು ಭರ್ತಿ ಮಾಡಿಕೊಂಡರೂ ಅದು ಸ್ವತಃ ಅಸಿಂಧುವಾಗುವುದಿಲ್ಲ, ಸಾಲವಿರಲಿಲ್ಲವೆಂದು ತೋರಿಸುವ ಹೊಣೆ ಸಹಿ ಹಾಕಿದವರದೇ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಹಾಗಾಗಿ ಸಹಿ ಬಿದ್ದ ಹಾಳೆ ಖಾಲಿ ಹಾಳೆಯಲ್ಲ. ಅರ್ಜಿ ನಮೂನೆಗಳಲ್ಲಿ ‘ಖಾಲಿ ಬಿಡಬೇಡಿ, ಅನ್ವಯಿಸುವುದಿಲ್ಲ ಎಂದು ಬರೆಯಿರಿ’ ಎಂಬ ಸೂಚನೆ ಇರುವುದೂ ಬೇರೆಯವರು ತುಂಬಿಬಿಡುವ ಭಯಕ್ಕೇ.

ಅಡುಗೆ ಅನಿಲದ ಸಿಲಿಂಡರಿನ ಕೊರಳಪಟ್ಟಿಯ ಮೇಲೆ ಒಂದು ತೂಕ ಬರೆದಿರುತ್ತದೆ. ಅದು ಅದರ ಖಾಲಿ ತೂಕ. ಒಂದೊಂದು ಸಿಲಿಂಡರಿಗೂ ಅದು ತುಸು ಬೇರೆಯಿರುತ್ತದೆ. ಮನೆಬಳಕೆಯ ದೊಡ್ಡ ಸಿಲಿಂಡರಿನಲ್ಲಿ 14.2 ಕಿಲೋ ಅನಿಲವಿರಬೇಕಾದ್ದರಿಂದ, ತಂದವರ ತಕ್ಕಡಿಗೆ ನೇತುಹಾಕಿಸಿ ಬಂದ ಒಟ್ಟು ತೂಕದಿಂದ ಆ ಖಾಲಿ ತೂಕವನ್ನು ಕಳೆದರೆ ಲೆಕ್ಕ ಸಿಗುತ್ತದೆ. ಭೌತವಿಜ್ಞಾನಿಗಳ ಪ್ರಕಾರ ಖಾಲಿ ಬಾಟಲಿಯೂ ಖಾಲಿಯಲ್ಲ: ಒಂದು ಲೀಟರ್ ಬಾಟಲಿಯಲ್ಲಿ ಒಂದು ಗ್ರಾಂಗಿಂತ ತುಸು ಹೆಚ್ಚು ಗಾಳಿಯಿರುತ್ತದೆ. ಗಾಳಿಯನ್ನೂ ಹೊರಹಾಕಿದ ಜಾಗಕ್ಕೆ ಅವರ ಪದ ‘ನಿರ್ವಾತ’.

ಸಂಗೀತದಲ್ಲಿ ಖಾಲಿ ಎಣಿಕೆಗೆ ಸೇರಿದೆ. ಹಿಂದೂಸ್ತಾನಿಯ ಹದಿನಾರು ಮಾತ್ರೆಗಳ ತೀನ್‌ತಾಲದಲ್ಲಿ ಒಂಬತ್ತನೆಯ ಮಾತ್ರೆಯೇ ‘ಖಾಲಿ’. ಅಲ್ಲಿ ಚಪ್ಪಾಳೆ ತಟ್ಟದೆ ಕೈ ಬೀಸುತ್ತಾರೆ. ಕರ್ನಾಟಕ ಸಂಗೀತದ ಪಾಠದಲ್ಲಿ ಆದಿತಾಳ ಹಾಕುವ ಮಕ್ಕಳು ಅಂತಹುದೇ ಬೀಸನ್ನು ‘ಹುಸಿ’ ಎಂದು ಕಲಿಯುತ್ತಾರೆ.

ಕಾಲ ಖಾಲಿಯಾಗುವುದಿಲ್ಲ

ಜಾಗಕ್ಕೆ ಒಪ್ಪುವ ಪದ ಕಾಲಕ್ಕೆ ಅಷ್ಟಾಗಿ ಒಪ್ಪುವುದಿಲ್ಲ. ತುಂಬದ ಕಾಲವನ್ನು ಕನ್ನಡದಲ್ಲಿ ‘ಬಿಡುವು’ ಅಥವಾ ‘ಪುರುಸೊತ್ತು’ ಎನ್ನುತ್ತೇವೆ. ಮೊದಲನೆಯದು ‘ಬಿಡು’ವಿನಿಂದ ಬಂದದ್ದು, ಎರಡನೆಯದು ‘ಖಾಲಿ’ಯಂತೆಯೇ ಅರಬ್ಬಿಯಿಂದ ಪಾರಸಿಯ ದಾರಿ ಹಿಡಿದು ಬಂದ ‘ಫುರ್ಸತ್’. ಸಂಸ್ಕೃತದ ‘ಅವಕಾಶ’ಕ್ಕೂ ಮೊದಲಿದ್ದ ಅರ್ಥ ತೆರವಾದ ಎಡೆ ಎಂದೇ, ‘ಸ್ಥಳಾವಕಾಶ’, ‘ಕಾಲಾವಕಾಶ’ಗಳಲ್ಲಿ ಅದು ಉಳಿದುಕೊಂಡಿದೆ. ಒಬ್ಬರನ್ನು ‘ಖಾಲಿ ಇದ್ದೀರಾ?’ ಎಂದು ಕೇಳುವುದು ಗೆಳೆಯರ ನಡುವೆ ಸಲ್ಲುತ್ತದೆ, ಹಿರಿಯರನ್ನು ‘ಬಿಡುವಿದೆಯೇ?’ ಎಂದು ಕೇಳುವುದು ಮರ್ಯಾದೆ. ‘ಅವನು ಮನೆಯಲ್ಲಿ ಖಾಲಿ ಕೂತಿದ್ದಾನೆ’ ಎಂದರೆ ಸಂಪಾದನೆಯಿಲ್ಲವೆಂಬ ಸಣ್ಣ ಚುಚ್ಚು ಅದರಲ್ಲಿರುತ್ತದೆ.

ಖಾಲಿ ಇದೆ, ಖಾಲಿ ಮಾಡಿ

ಬೆಂಗಳೂರಿನಲ್ಲಿ ಈ ಪದ ಅತಿ ಹೆಚ್ಚು ಓಡಾಡುವುದು ಬಾಡಿಗೆಮನೆಯ ಬಾಗಿಲಲ್ಲಿ. ಗೇಟಿಗೆ ನೇತುಹಾಕಿದ ‘ಮನೆ ಖಾಲಿ ಇದೆ’ ಎಂಬ ಹಲಗೆ ಹೇಳುವುದು ಬಾಡಿಗೆಗೆ ಕೊಡುತ್ತೇವೆ ಎಂದು. ‘ಬಾಡಿಗೆ’ ಎಂಬ ಪದ ಅಲ್ಲಿರಬೇಕಾಗಿಲ್ಲ. ಮಾಲೀಕರು ಊರಿಗೆ ಹೋಗಿ ಬೀಗ ಹಾಕಿದ ಮನೆಯಲ್ಲಿ ಯಾರೂ ಇಲ್ಲದಿದ್ದರೂ ಅದು ಖಾಲಿ ಮನೆಯಲ್ಲ, ‘ಬೀಗ ಹಾಕಿದ ಮನೆ’. ಬಾಡಿಗೆದಾರರು ಇನ್ನೂ ವಾಸವಿದ್ದು ಮುಂದಿನ ತಿಂಗಳು ಹೊರಡಲಿದ್ದರೆ ಹಲಗೆ ಇಂದೇ ನೇತಾಡುತ್ತದೆ. ಆ ಮನೆಯ ಅಡುಗೆಮನೆಯಲ್ಲಿ ಒಗ್ಗರಣೆಯ ವಾಸನೆ ಬರುತ್ತಿದ್ದರೂ ಅದು ಖಾಲಿ ಇದೆ. ‘ಖಾಲಿ ಮಾಡು’ ಎಂಬ ಕ್ರಿಯೆ ಇದೇ ಬಾಗಿಲನ್ನು ಒಳಗಿನಿಂದ ನೋಡುತ್ತದೆ. ಬಾಡಿಗೆದಾರರು ತಾವೇ ಹೇಳಿದರೆ ‘ಖಾಲಿ ಮಾಡುತ್ತಿದ್ದೇವೆ’, ಮಾಲೀಕರು ಹೇಳಿದರೆ ‘ಖಾಲಿ ಮಾಡಿ’, ವಕೀಲರ ನೋಟಿಸಿನಲ್ಲಿ ಬಂದರೆ ‘ತೆರವುಗೊಳಿಸಿ ಸ್ವಾಧೀನ ಬಿಟ್ಟುಕೊಡತಕ್ಕದ್ದು’.

ಪದಗಳ ಕ್ರಮವೂ ಇಲ್ಲಿ ಮುಖ್ಯ. ‘ಮನೆ ಖಾಲಿ ಇದೆ’ ಎನ್ನುವುದು ಕರೆ. ‘ಖಾಲಿ ಮನೆ ಇದೆ’ ಎನ್ನುವುದು ವರ್ಣನೆ, ಅದನ್ನು ಕೇಳಿದವರು ‘ಎಲ್ಲಿ?’ ಎಂದು ಕೇಳುತ್ತಾರೆ. ನಮ್ಮ ನೆರೆಮನೆಯವರ ಮೇಲ್ಮಹಡಿಗೆ ದಲ್ಲಾಳಿಗಳು ವಾರಕ್ಕೆ ಮೂರು ಸಲ ಬಂದು ಬಾಗಿಲು ಬಡಿಯುತ್ತಿದ್ದರು. ಕಳೆದ ಭಾನುವಾರ ಅವರು ರಟ್ಟಿನ ಮೇಲೆ ಮಾರ್ಕರಿನಲ್ಲಿ, ‘ಖ’ದ ಹೊಟ್ಟೆಯನ್ನು ಬಹಳ ದುಂಡಗೆ ಮಾಡಿ, ‘ಮನೆ ಖಾಲಿ ಇಲ್ಲ’ ಎಂದು ಬರೆದು ಗೇಟಿಗೆ ಕಟ್ಟಿದರು. ಒಂದೂ ತಪ್ಪಿರಲಿಲ್ಲ. ಮಧ್ಯಾಹ್ನ ಒಬ್ಬ ದಲ್ಲಾಳಿ ಬಂದು, ಅದನ್ನು ನಿಂತು ಓದಿ, ಗೇಟು ತಟ್ಟಿ ಕೇಳಿದನು: ‘ಯಾವಾಗ ಖಾಲಿ ಆಗುತ್ತೆ ಸಾರ್?’